ಕಳ್ಳ ವರ್ಕ್ ಮೆಮ್

16 ಜಿಬಿ ರ‍್ಯಾಮಿನ ಹಳೇ ಲಿನಕ್ಸ್ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಆಗಾಗ ಎಲ್ಲ ಕನೆಕ್ಷನ್ ಕಡಿದು ರಿಕವರಿಗೆ ಇಳಿಯುತ್ತಿದ್ದರೆ, ಕರ್ನಲ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಸಾಲು ಹುಡುಕಿ. ಮೆಮೊರಿ ಮುಗಿದಾಗ ಕರ್ನಲ್ ಒಂದೇ ಒಂದು ಬ್ಯಾಕೆಂಡ್ (ಒಂದು ಕನೆಕ್ಷನ್ ನೋಡಿಕೊಳ್ಳುವ ಪ್ರೊಸೆಸ್) ಕೊಂದರೂ ಹೀಗಾಗುತ್ತದೆ. ಮೆಮೊರಿ ತೋರಿಸುವ ‘ಫ್ರೀ’ ಕಮಾಂಡಿನ ‘ಫ್ರೀ’ ಅಂಕಣ ನೋಡಿ ಗಾಬರಿಯಾಗಬೇಡಿ, ಬಹುಪಾಲು ಕ್ಯಾಶ್‌ಗೆ ಹೋಗಿರುತ್ತದೆ, ನೋಡಬೇಕಾದ್ದು ‘ಅವೈಲಬಲ್’.

ನನ್ನ ಮೊದಲ ಅನುಮಾನ ವರ್ಕ್ ಮೆಮ್ (work_mem, ಸಾರ್ಟ್‌ನಂಥ ಕೆಲಸಕ್ಕೆ ಎಷ್ಟು ಮೆಮೊರಿ ಎನ್ನುವ ಸೆಟ್ಟಿಂಗ್) ಮೇಲೆ. ಡೀಫಾಲ್ಟ್ 4 ಎಂಬಿ; ರಿಪೋರ್ಟ್ ಬೇಗ ಬರಲೆಂದು ಯಾರೋ 64ಕ್ಕೆ ಏರಿಸಿ ಮರೆತಿರುತ್ತಾರೆ. ಇದು ಸರ್ವರ್‌ನ ಒಟ್ಟು ಮಿತಿಯಲ್ಲ, ಒಂದೊಂದು ಸಾರ್ಟ್‌ಗೂ ಅಷ್ಟಷ್ಟು. 200 ಕನೆಕ್ಷನ್‌ಗಳು ಒಂದೊಂದೇ ದೊಡ್ಡ ಸಾರ್ಟ್ ಮಾಡಿದರೂ 12.5 ಜಿಬಿ. ಶೇರ್ಡ್ ಬಫರ್ಸ್‌ನ (ಪೋಸ್ಟ್‌ಗ್ರೆಸ್‌ನ ಹಂಚಿಕೆಯ ಕ್ಯಾಶ್) 4 ಜಿಬಿ ಸೇರಿದರೆ ಅಲ್ಲಿಗೆ ಮುಗಿಯಿತು.

ಮತ್ತೆ 4ಕ್ಕೆ ಇಳಿಸಿ, ರಿಪೋರ್ಟ್‌ನ ಸೆಷನ್‌ನಲ್ಲಷ್ಟೇ ‘ಸೆಟ್’ ಕೊಟ್ಟು ಏರಿಸಿ. ಪೋಸ್ಟ್‌ಗ್ರೆಸ್ ಎದುರಿಗೆ ಪಿಜಿಬೌನ್ಸರ್ (ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ಪ್ರೋಗ್ರಾಂ) ಕೂರಿಸಿ ಕನೆಕ್ಷನ್ ಕಡಿಮೆ ಮಾಡಿ.