ಪ್ರಯೋಗದ ಪೀರಿಯಡ್ಡಿನಲ್ಲಿ ಶಿಸ್ತು

ಪ್ರಯೋಗ ಮಾಡಿಸಿದರೆ ತರಗತಿ ಕೈತಪ್ಪುತ್ತದೆ, ಕೈತಪ್ಪದಂತೆ ನೋಡಿಕೊಳ್ಳಲು ಹೋದರೆ ಪಾಠ ಸಪ್ಪೆಯಾಗುತ್ತದೆ ಎಂಬ ಮಾತನ್ನು ವಿಜ್ಞಾನ ಕಲಿಸುವವರ ಬಾಯಲ್ಲಿ ಪದೇ ಪದೇ ಕೇಳುತ್ತೇನೆ. ಪಾಠದ ಸ್ವಾರಸ್ಯವನ್ನೂ ತರಗತಿಯ ಶಿಸ್ತನ್ನೂ ಹೀಗೆ ಎದುರುಬದುರು ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಮಕ್ಕಳ ಕೈಗೆ ಸಾಮಾನು ಬಂದಿರುತ್ತದೆ, ಆದರೆ ಅದರಿಂದ ಏನನ್ನು ಕಂಡುಕೊಳ್ಳಬೇಕೆಂಬುದು ಇನ್ನೂ ಮನಸ್ಸಿಗೆ ಬಂದಿರುವುದಿಲ್ಲ. ವಿಜ್ಞಾನದ ತರಗತಿಯಲ್ಲಿ ಗದ್ದಲ ಹುಟ್ಟುವುದು ಬಹುಮಟ್ಟಿಗೆ ಆ ಹೊತ್ತಿನಲ್ಲೇ. ಅದನ್ನು ಗದರಿಕೆಯಿಂದ ಅಡಗಿಸುವುದಕ್ಕಿಂತ, ಅಂಥ ಹೊತ್ತೇ ಬಾರದಂತೆ ಪಾಠವನ್ನು ಹೊಂದಿಸಿಕೊಳ್ಳುವುದು ಮೇಲು.

ಲೋಲಕದ ಪಾಠವನ್ನೇ ತೆಗೆದುಕೊಳ್ಳೋಣ. ಬೇಕಾಗುವುದು ದಾರ, ಕೆಲವು ಕಬ್ಬಿಣದ ನಟ್ಟುಗಳು, ಅಳತೆಪಟ್ಟಿ ಮತ್ತು ಸ್ಟಾಪ್‌ವಾಚ್. ಇವನ್ನು ಹಂಚುವ ಮೊದಲು ನಾನು ಎಲ್ಲರೆದುರು ಒಂದು ನಟ್ಟನ್ನು ತೂಗುಬಿಟ್ಟು, ಅದರ ಜಾಗದಲ್ಲಿ ಮೂರು ನಟ್ಟು ಕಟ್ಟಿದರೆ ಹತ್ತು ಆಂದೋಲನಗಳಿಗೆ, ಅಂದರೆ ಅತ್ತ ಹೋಗಿ ಇತ್ತ ಬರುವ ಹತ್ತು ಪೂರ್ತಿ ತೂಗಾಟಗಳಿಗೆ, ಹೆಚ್ಚು ಸಮಯ ಬೇಕೋ, ಕಡಿಮೆ ಸಾಕೋ, ಅಷ್ಟೇ ಆಗುತ್ತದೋ ಎಂದು ಕೇಳುತ್ತೇನೆ. ಪ್ರತಿಯೊಬ್ಬರೂ ತಮ್ಮ ಊಹೆಯನ್ನೂ ಅದಕ್ಕೊಂದು ಕಾರಣವನ್ನೂ ಪುಸ್ತಕದಲ್ಲಿ ಬರೆಯಲೇಬೇಕು. ಬಾಯಲ್ಲಿ ಹೇಳಿದ ಊಹೆ ಪಕ್ಕದವರ ಮಾತಿಗೆ ತಕ್ಕಂತೆ ಬದಲಾಗುತ್ತದೆ, ಬರೆದದ್ದು ಹಾಗೆ ಬದಲಾಗುವುದಿಲ್ಲ. ಭಾರ ಹೆಚ್ಚಾದರೆ ವೇಗವೂ ಹೆಚ್ಚುತ್ತದೆಂದು ಬರೆಯುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಬರೆದ ಮೇಲೆ ಅದು ಸರಿಯೋ ತಪ್ಪೋ ಎಂದು ತಿಳಿಯುವ ಆತುರ ಅವರಿಗೇ ಹುಟ್ಟುತ್ತದೆ, ಸಾಮಾನು ಕೈಗೆ ಬಂದೊಡನೆ ಅದನ್ನು ಗರಗರ ತಿರುಗಿಸಿ ಆಡುವ ಮನಸ್ಸು ತಾನಾಗಿ ಹಿಂದೆ ಸರಿಯುತ್ತದೆ.

ಇದೇ ಪ್ರಯೋಗದಲ್ಲಿ ನನಗೆ ಬಹಳ ಪ್ರಿಯವಾದ ಒಂದು ತೊಡಕಿದೆ. ಮಕ್ಕಳು ಮೂರು ನಟ್ಟುಗಳನ್ನು ಒಂದರ ಕೆಳಗೊಂದರಂತೆ ಕಟ್ಟುತ್ತಾರೆ, ಆಗ ಸಮಯ ತುಸು ಹೆಚ್ಚಾಗಿ ಬರುತ್ತದೆ, ಭಾರ ಹೆಚ್ಚಾದರೆ ಲೋಲಕ ನಿಧಾನವಾಗುತ್ತದೆಂದು ಗುಂಪು ತೀರ್ಮಾನಿಸುತ್ತದೆ. ನಿಜದಲ್ಲಿ ಬದಲಾದದ್ದು ಉದ್ದ: ಲೋಲಕದ ಉದ್ದವನ್ನು ಅಳೆಯುವುದು ದ್ರವ್ಯರಾಶಿಯ ಕೇಂದ್ರದವರೆಗೆ, ಅಂದರೆ ಇಡೀ ಭಾರ ನೆಲೆಸಿದಂತಿರುವ ಬಿಂದುವಿನವರೆಗೆ, ಅದೀಗ ಕೆಳಗಿಳಿದಿದೆ. ಮೂರನ್ನೂ ಒಂದೇ ಮಟ್ಟದಲ್ಲಿ ಒಟ್ಟಿಗೆ ಕಟ್ಟಿದ ಪಕ್ಕದ ಗುಂಪಿಗೆ ಸಮಯ ಹೆಚ್ಚುಕಡಿಮೆ ಮೊದಲಿನಷ್ಟೇ ಬಂದಿರುತ್ತದೆ. ಆಗ ಎರಡು ಗುಂಪುಗಳ ನಡುವೆ ನಡೆಯುವ ವಾದವನ್ನು ನಾನು ನಿಲ್ಲಿಸುವುದಿಲ್ಲ. ಅಲ್ಲಿ ಧ್ವನಿ ಏರುತ್ತದೆ ನಿಜ, ಆದರೆ ಅದು ವಿಜ್ಞಾನದ್ದೇ ಸದ್ದು, ಅದನ್ನು ಅಶಿಸ್ತೆಂದು ಎಣಿಸುವುದು ಅನ್ಯಾಯ. ಮುಂದೆ ಉದ್ದದ ಸರದಿ. ಒಂದು ಮೀಟರ್ ದಾರಕ್ಕೆ ಹತ್ತು ಆಂದೋಲನಗಳು ಸುಮಾರು 20 ಸೆಕೆಂಡ್ ತೆಗೆದುಕೊಂಡರೆ, ಅರ್ಧ ಮೀಟರಿಗೆ 10 ಬರಬೇಕೆಂದು ಹೆಚ್ಚಿನವರು ನಿರೀಕ್ಷಿಸುತ್ತಾರೆ, ಬರುವುದು ಸುಮಾರು 14. ಹತ್ತು ಸೆಕೆಂಡ್ ಬರಬೇಕಾದರೆ ದಾರವನ್ನು 25 ಸೆಂಟಿಮೀಟರಿಗೆ ಇಳಿಸಬೇಕೆಂಬುದನ್ನು ಮಕ್ಕಳು ತಾವೇ ಹುಡುಕಿ ಕಂಡುಕೊಂಡರೆ, ಸಮಯ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆಂಬ ಸೂತ್ರವನ್ನು ಕರಿಹಲಗೆಯ ಮೇಲೆ ಬರೆಯುವ ಹೊತ್ತಿಗೆ ಅದು ಪರಕೀಯವಾಗಿ ತೋರುವುದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಕಾಯುವುದೂ ತರಗತಿ ನಿರ್ವಹಣೆಯ ಭಾಗವೇ. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆಂದು ತೋರಿಸಿದರು. ಮೂರು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಕಾದಾಗ ಉತ್ತರಗಳು ದೀರ್ಘವಾದವು, ಮೌನವಾಗಿ ಕೂರುತ್ತಿದ್ದ ಮಕ್ಕಳೂ ಮಾತನಾಡತೊಡಗಿದರು. ಅವಸರದ ತರಗತಿಯಲ್ಲಿ ಕೈಯೆತ್ತುವವರು ಆ ನಾಲ್ಕೈದು ಮಂದಿ ಮಾತ್ರ, ಉಳಿದವರಿಗೆ ಪಾಠ ತಮ್ಮದಲ್ಲವೆನಿಸುತ್ತದೆ, ಹಿಂದಿನ ಬೆಂಚಿನ ಪಿಸುಮಾತು ಅಲ್ಲಿಂದಲೇ ಶುರುವಾಗುತ್ತದೆ.

ತರಗತಿ ನಿರ್ವಹಣೆಯ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಈ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿತು. ತರಗತಿಯನ್ನು ಚೆನ್ನಾಗಿ ನಡೆಸುವ ಶಿಕ್ಷಕರಿಗೂ ಉಳಿದವರಿಗೂ ಇರುವ ವ್ಯತ್ಯಾಸವನ್ನು, ತಪ್ಪು ನಡೆದ ಮೇಲೆ ಅವರು ಏನು ಮಾಡುತ್ತಾರೆ ಎಂಬುದರಲ್ಲಿ ಹುಡುಕಿದಾಗ ಕೌನಿನ್ ಅವರಿಗೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಇಡೀ ತರಗತಿಯ ಮೇಲೆ ಕಣ್ಣಿಟ್ಟಿರುವುದು, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ತಡವರಿಸದೆ ಸಾಗುವುದು, ಒಬ್ಬರು ಉತ್ತರಿಸುವಾಗಲೂ ಉಳಿದವರನ್ನು ತೊಡಗಿಸಿಕೊಂಡಿರುವುದು, ಇವುಗಳಲ್ಲೇ ವ್ಯತ್ಯಾಸವಿತ್ತು. ಆದ್ದರಿಂದಲೇ ಒಂದು ಗುಂಪಿನ ಬಳಿ ಬಗ್ಗಿ ದಾರದ ಗಂಟು ಬಿಡಿಸುವಾಗಲೂ ನಾನು ತರಗತಿಗೆ ಬೆನ್ನು ಹಾಕಿ ನಿಲ್ಲುವುದಿಲ್ಲ. ಗುಂಪಿಗೆ ನಾಲ್ವರನ್ನು ಮೀರಿಸುವುದಿಲ್ಲ: ಲೋಲಕ ಬಿಡುವವರು, ಎಣಿಸುವವರು, ಸಮಯ ನೋಡುವವರು, ಬರೆದುಕೊಳ್ಳುವವರು. ಐದನೆಯವರಿಗೆ ಮಾಡಲು ಕೆಲಸವೇ ಇರುವುದಿಲ್ಲ, ಅವರು ಸುಮ್ಮನೆ ಕೂರಬೇಕೆಂದು ಬಯಸುವುದು ಸರಿಯಲ್ಲ. ಪ್ರತಿ ಅಳತೆಯ ನಂತರ ಜವಾಬ್ದಾರಿಗಳನ್ನು ಅದಲುಬದಲು ಮಾಡಿಸುತ್ತೇನೆ, ಇಲ್ಲವಾದರೆ ಸ್ಟಾಪ್‌ವಾಚ್ ಯಾವಾಗಲೂ ಗಟ್ಟಿ ಧ್ವನಿಯವರ ಕೈಯಲ್ಲೇ ಉಳಿಯುತ್ತದೆ.

ಬೆಂಕಿ, ಗಾಜು, ಆಮ್ಲಗಳಿರುವ ದಿನಗಳ ಮಾತು ಬೇರೆ. ಅಲ್ಲಿ ಚರ್ಚೆಗೆ ಎಡೆಯಿಲ್ಲ. ನಿಯಮ ಮೊದಲು, ಪ್ರಯೋಗ ಆಮೇಲೆ, ಮೀರಿದವರ ಗುಂಪಿನ ಪ್ರಯೋಗ ಅಲ್ಲಿಗೇ ನಿಲ್ಲುತ್ತದೆ.

ಪೀರಿಯಡ್ಡಿನ ಕೊನೆಯ ಏಳೆಂಟು ನಿಮಿಷಗಳನ್ನು ಮಾತ್ರ ನಾನು ಯಾವ ಕಾರಣಕ್ಕೂ ಬಿಟ್ಟುಕೊಡುವುದಿಲ್ಲ. ನಟ್ಟುಗಳನ್ನು ಎಣಿಸಿ ಡಬ್ಬಿಗೆ ಹಾಕಿದ ಬಳಿಕ ಮಕ್ಕಳು ತಾವು ಮೊದಲು ಬರೆದ ಊಹೆಯನ್ನು ಮತ್ತೆ ಓದಿ, ಈಗ ಅದನ್ನು ಹೇಗೆ ತಿದ್ದುತ್ತೀರಿ, ಯಾವ ಅಳತೆಯನ್ನು ಆಧರಿಸಿ ತಿದ್ದುತ್ತೀರಿ ಎಂಬುದಕ್ಕೆ ಎರಡು ಸಾಲಿನ ಉತ್ತರವನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಮರುದಿನದ ಪಾಠ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಆ ಚೀಟಿಗಳನ್ನು ಓದಿಯೇ ನಿರ್ಧರಿಸುತ್ತೇನೆ.