ಮಾದಲ ಹಣ್ಣಿಗೆ ಎಂಟು, ಬೇಲದ ಹಣ್ಣಿಗೆ ಐದು

ಅಕ್ಕನ ಮಗ ಈ ಸಲ ಎಸ್ಸೆಸ್ಸೆಲ್ಸಿ. ಭಾನುವಾರ ಬಂದೋನು ಗಣಿತದ ನೋಟ್‌ಬುಕ್ ನನ್ನ ಮುಂದೆ ಹಾಕಿ "ಮಾಮ, ಈ ರೇಖಾತ್ಮಕ ಸಮೀಕರಣಗಳ ಜೋಡಿ ನಂಗೆ ಆಗಲ್ಲ ಬಿಡಿ" ಅಂದ. ಗೊತ್ತಿಲ್ಲದ ಎರಡು ಸಂಖ್ಯೆನ ಎರಡು ಸಮೀಕರಣದಿಂದ ಕಂಡುಹಿಡಿಯೋ ಪಾಠ ಅದು. ನೋಡಿದ್ರೆ ಆದೇಶ ವಿಧಾನ (ಒಂದರ ಬೆಲೆನ ಇನ್ನೊಂದರಲ್ಲಿ ಹಾಕೋದು), ವರ್ಜಿಸುವ ವಿಧಾನ (ಕೂಡಿಸಿಯೋ ಕಳೆದೋ ಒಂದನ್ನ ತೆಗೆದುಹಾಕೋದು) ಎರಡೂ ಬಾಯಿಪಾಠ, ಕೇಳಿದ್ರೆ ಗಿಳಿ ತರ ಒಪ್ಪಿಸ್ತಾನೆ, ಉತ್ತರ ಮಾತ್ರ ಬರಲ್ಲ.

ಸರಿ ಅಂತ ಮಹಾವೀರಾಚಾರ್ಯರ ಲೆಕ್ಕ ಕೊಟ್ಟೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವರು, ಕ್ರಿ.ಶ. 850ರ ಆಸುಪಾಸಲ್ಲಿ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದೋರು. 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಆದ್ರೆ 101. ಒಂದೊಂದಕ್ಕೆ ಎಷ್ಟು?

ಹುಡುಗ ಮಾದಲದ ಬೆಲೆ ಎಕ್ಸ್, ಬೇಲದ್ದು ವೈ ಅಂತ ಇಟ್ಕೊಂಡು ತಕ್ಷಣ ಮೊದಲನೇದನ್ನ 7ರಿಂದ, ಎರಡನೇದನ್ನ 9ರಿಂದ ಗುಣಿಸಿದ. 63ಎಕ್ಸ್ + 81ವೈ = 909, ಅದರ ಕೆಳಗೆ 63ಎಕ್ಸ್ + 49ವೈ = 749. ಇಲ್ಲಿವರೆಗೂ ಪರ್ಫೆಕ್ಟ್. ಕಳೆಯೋವಾಗ 63ರ ಚಿಹ್ನೆ ಬದಲಾಯಿಸಿದ, 749ರದ್ದೂ ಬದಲಾಯಿಸಿದ, ಮಧ್ಯದ 49ನ್ನ ಮರೆತು ಕೂಡಿಸಿಬಿಟ್ಟ, 130ವೈ = 160 ಬಂತು, ಬೇಲದ ಹಣ್ಣಿನ ರೇಟು 16/13 ಅಂತ ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದ! ಯಾವ ಅಂಗಡಿಯವನಪ್ಪ ಆ ರೇಟಿಗೆ ಮಾರೋನು ಅಂದ್ರೆ ನಗ್ತಾನೆ. ಸರಿ ಮಾಡಿದ್ರೆ 32ವೈ = 160, ಅಂದ್ರೆ ಬೇಲಕ್ಕೆ 5, ಮಾದಲಕ್ಕೆ 8.

ಆದ್ರೆ ನಿಜ ಹೇಳ್ಬೇಕಂದ್ರೆ ಇಲ್ಲಿ ಇಷ್ಟೆಲ್ಲ ಗುಣಿಸೋದೇ ಬೇಡ. 9, 7 ಇದ್ದದ್ದು ಎರಡನೇ ಸಾಲಲ್ಲಿ 7, 9 ಆಗಿದೆ ಅಷ್ಟೇ ತಾನೆ? ಎರಡೂ ಸಾಲು ಸುಮ್ನೆ ಕೂಡಿಸಿ, 16 ಮಾದಲ 16 ಬೇಲ ಸೇರಿ 208, ಅಂದ್ರೆ ಒಂದು ಜೋಡಿಗೆ 13. ಕಳೆದ್ರೆ 2 ಮಾದಲ 2 ಬೇಲಕ್ಕಿಂತ 6 ಜಾಸ್ತಿ, ಅಂದ್ರೆ ಒಂದಕ್ಕೆ 3 ವ್ಯತ್ಯಾಸ. ಮೊತ್ತ 13, ವ್ಯತ್ಯಾಸ 3, ಇದನ್ನ ಐದನೇ ಕ್ಲಾಸಿನ ಮಗುನೂ ಬಾಯಲ್ಲೇ ಹೇಳತ್ತೆ. ಲೆಕ್ಕದ ಮುಖ ನೋಡದೇ ಗುಣಿಸೋಕೆ ಕೂರೋದನ್ನ ಈ ಮಕ್ಕಳಿಗೆ ಯಾರು ಕಲಿಸಿದ್ರೋ, ನಂಗಂತೂ ಅದೇ ಸಿಟ್ಟು.

"ಎರಡನೇ ಸಲ 18 ಮಾದಲ, 14 ಬೇಲ, 214 ಅಂತ ಕೊಟ್ಟಿದ್ರೆ?" ಅಂತ ಕೇಳ್ದೆ. ಸ್ವಲ್ಪ ಯೋಚಿಸಿ "ಅದು ಮೊದಲನೇ ಬಿಲ್ಲೇ ಡಬಲ್ ಮಾಮ, ಹೊಸದೇನೂ ಗೊತ್ತಾಗಲ್ಲ" ಅಂದ. 215 ಆಗಿದ್ರೆ? "ಅಂಗಡಿಯವನು ಒಂದು ರೂಪಾಯಿ ಹೊಡೆದಿದ್ದಾನೆ." ಮೊದಲನೇದು ಅಪರಿಮಿತ ಪರಿಹಾರ, ಎರಡನೇದು ಪರಿಹಾರವೇ ಇಲ್ಲ, ಎರಡೂ ಮುಗೀತು, ಇದನ್ನ ಗುರುತಿಸೋಕೆ ಪುಸ್ತಕದಲ್ಲಿರೋ ಅನುಪಾತದ ಟೇಬಲ್ ತೆಗೀಲೇ ಇಲ್ಲ.

ಕೊನೆಗೆ ಒಂದು ಕೊಟ್ಟೆ: 152ಎಕ್ಸ್ − 378ವೈ = −74, −378ಎಕ್ಸ್ + 152ವೈ = −604. ನೋಡಿದ ತಕ್ಷಣ "ಇದೂ ಉಲ್ಟಾ ಮಾಡಿರೋದೇ" ಅಂತ ಕೂಡಿಸಿದ, −226 ಸಾಮಾನ್ಯ ತೆಗೆದ, −678ನ್ನ ಭಾಗಿಸಿ ಎಕ್ಸ್ + ವೈ = −3 ಅಂತ ಬರೆದ.

ಬರಬೇಕಾದ್ದು 3, ಮತ್ತೆ ಅದೇ ಮೈನಸ್ಸು. ರಬ್ಬರ್ ತಳ್ಳಿ ಕಾಫಿಗೆ ಎದ್ದೆ.