'ಬಿಟ್ಟುಬಿಡ್ಬೇಕು ಅನ್ನಿಸಲಿಲ್ವಾ ಸಿಸ್ಟರ್?'

ವಾರ್ಡಿಗೆ ಪೋಸ್ಟಿಂಗ್ ಬರುವ ಮೊದಲ ವರ್ಷದ ನರ್ಸಿಂಗ್ ಹುಡುಗಿಯರು, ಊರಿಗೆ ಹೋದಾಗ ಪಿಯುಸಿ ಮುಗಿಸಿದ ಮಕ್ಕಳ ತಾಯಂದಿರು, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ: 'ಅಷ್ಟೊಂದು ಓದು, ನೈಟ್ ಡ್ಯೂಟಿ, ಕಣ್ಣೆದುರಿಗೇ ಸಾವು. ಹೇಗೆ ತಡ್ಕೊಂಡ್ರಿ? ಬಿಟ್ಟುಬಿಡ್ಬೇಕು ಅನ್ನಿಸಲಿಲ್ವಾ?'

ಅನ್ನಿಸಿತ್ತು. ಮೊದಲ ವರ್ಷ ಎರಡು ಸಲ ಬ್ಯಾಗ್ ಹೊತ್ತು ಮೆಜೆಸ್ಟಿಕ್ ತನಕ ಹೋಗಿ ವಾಪಸ್ ಬಂದಿದ್ದೇನೆ.

ನಾನು ತಿಪಟೂರು ಕಡೆಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಬೆಂಗಳೂರಿಗೆ ಬಂದು ಬಿ.ಎಸ್ಸಿ. ನರ್ಸಿಂಗ್ ಸೇರಿದರೆ 4 ವರ್ಷದ ಪಾಠ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರೀಕ್ಷೆ, ಎಲ್ಲವೂ ಇಂಗ್ಲಿಷಿನಲ್ಲಿ. ಅನಾಟಮಿ ಕ್ಲಾಸಿನಲ್ಲಿ ನಾನು ಒಂದು ಪದ ಹಿಡಿಯುವಷ್ಟರಲ್ಲಿ ಮೇಡಂ ಮುಂದಿನ ಪುಟಕ್ಕೆ ಹೋಗಿರುತ್ತಿದ್ದರು. ಹಾಸ್ಟೆಲಿನಲ್ಲಿ ನನ್ನ ರೂಮಿನವಳು ಕೇರಳದ ಹುಡುಗಿ. ರಾತ್ರಿ ಅವಳು ವಿವರಿಸುತ್ತಿದ್ದಳು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ವಾರ್ಡಿನಲ್ಲಿ ಉಲ್ಟಾ. 'ಕಾಲು ಜೋಮು ಹಿಡೀತದೆ', 'ಹೊಟ್ಟೆ ತೊಳಸ್ತದೆ' ಅಂತ ರೋಗಿ ಹೇಳಿದರೆ ಅವಳು ನನ್ನ ಮುಖ ನೋಡುತ್ತಿದ್ದಳು.

ಒಂದು ದಿನ ಶುಗರ್ ಇರುವ ಒಬ್ಬ ಅಜ್ಜಿ 'ಯಾಕೋ ಸುಸ್ತು ಕಣಮ್ಮ, ಮೈಯೆಲ್ಲ ಬೆವರು' ಅಂದರು. ಎದೆನೋವು ಇಲ್ಲ. ಶುಗರ್ ಇರುವವರಿಗೆ ನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗಬಹುದು ಅಂತ ಹಿಂದಿನ ರಾತ್ರಿಯಷ್ಟೇ ನನ್ನ ರೂಮಿನವಳು ಹೇಳಿಕೊಟ್ಟಿದ್ದಳು. ಓಡಿ ಹೋಗಿ ಸಿಸ್ಟರ್‌ಗೆ ಹೇಳಿದೆ. ಇಸಿಜಿ ತೆಗೆದರು. ಅದೇ ಆಗಿತ್ತು. ಆಮೇಲೆ ನಾನು ಬ್ಯಾಗ್ ಕಟ್ಟಲಿಲ್ಲ.

ಕೆಲಸಕ್ಕೆ ಸೇರಿದ ಮೇಲಿನ ಕಷ್ಟ ಬೇರೆ. ಅಲ್ಲಿ ತಪ್ಪಾದರೆ ಮಾರ್ಕ್ಸ್ ಹೋಗಲ್ಲ, ಜೀವ ಹೋಗುತ್ತದೆ. ಸೇರಿ ಮೂರು ತಿಂಗಳಾಗಿರಬಹುದು. ನೈಟ್ ಡ್ಯೂಟಿ. ಒಬ್ಬರಿಗೆ 20 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಎರಡು ಥರ ಬರುತ್ತವೆ. ಒಂದು ಎಂಎಲ್‌ಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜೂ ಬೇರೆ ಬೇರೆ. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ನನ್ನ ಕೈಯಲ್ಲಿದ್ದ ಬಾಟಲಿ 100ರದು, ಸಿರಿಂಜ್ ಕೆಂಪು ಮುಚ್ಚಳದ್ದು. 20ರ ಗೆರೆಗೆ ಎಳೆದಿದ್ದೆ. ಅಂದರೆ ಅರ್ಧ ಎಂಎಲ್. ಅದರಲ್ಲಿ ಇದ್ದದ್ದು 50 ಯೂನಿಟ್.

ಯಾಕೋ ಸರಿ ಇಲ್ಲ ಅನ್ನಿಸಿತು. ಕೇಳಿದರೆ 'ಇಷ್ಟೂ ಗೊತ್ತಿಲ್ವಾ' ಅಂತಾರೆ ಅನ್ನೋ ಭಯ. ಸಿರಿಂಜ್ ಹಿಡಿದು ಒಂದು ನಿಮಿಷ ಸುಮ್ನೆ ನಿಂತಿದ್ದೆ. ಕೊನೆಗೆ ಸೀನಿಯರ್ ಹತ್ತಿರ ಹೋಗಿ 'ಸಿಸ್ಟರ್, ಒಂದ್ಸಲ ನೋಡ್ತೀರಾ?' ಅಂದೆ. ಅವರು ಬಾಟಲಿ ನೋಡಿದರು, ಸಿರಿಂಜ್ ನೋಡಿದರು. ಬೈಯಲಿಲ್ಲ. 'ನಾನು ಈಗಲೂ ಇನ್ನೊಬ್ಬರಿಗೆ ತೋರಿಸಿಯೇ ಕೊಡೋದು' ಅಂದರು. ಹಾಗೇ ಕೊಟ್ಟಿದ್ದರೆ ರಾತ್ರಿ ಆ ರೋಗಿಯ ಶುಗರ್ ಇಳಿದು ಪ್ರಜ್ಞೆ ತಪ್ಪಬಹುದಿತ್ತು. ನಿದ್ದೆ ಮಾಡ್ತಿದ್ದಾರೆ ಅಂತ ನಾವು ಅಂದುಕೊಂಡಿರುತ್ತಿದ್ದೆವು.

ನಾನು ತಡ್ಕೊಂಡಿದ್ದು ಹೀಗೆ, ಕೇಳಿ ಕೇಳಿಯೇ. ಜಾಣೆಯರು ನನ್ನ ಬ್ಯಾಚಿನಲ್ಲಿ ಬೇಕಾದಷ್ಟು ಜನ ಇದ್ದರು. ಕೇಳೋಕೆ ನಾಚಿಕೆಪಟ್ಟವರೇ ಬೇಗ ಸೋತರು ಅಂತ ನನಗೆ ಅನ್ನಿಸುತ್ತದೆ.

ಸಾವಿನ ವಿಷಯ. ನಾನು ಹನ್ನೊಂದು ದಿನ ನೋಡಿಕೊಂಡಿದ್ದ ಒಬ್ಬ ತಾತ ಬೆಳಗಿನ ಜಾವ ತೀರಿಕೊಂಡರು. ನನ್ನನ್ನು 'ಮಗಾ' ಅಂತಲೇ ಕರೆಯುತ್ತಿದ್ದರು. ಅದೇ ಸೀನಿಯರ್ ಜೊತೆ ಸೇರಿ ಅವರ ಮೈ ಒರೆಸಿದೆ, ಕಣ್ಣು ಮುಚ್ಚಿಸಿದೆ. ಹ್ಯಾಂಡ್‌ಓವರ್ ಕೊಟ್ಟು ಹೊರಗೆ ಬಂದು ಬಸ್ಸಿನಲ್ಲಿ ಕೂತಾಗ ಅಳು ಬಂತು. ಪಕ್ಕದ ಹೂವಿನ ಬುಟ್ಟಿಯ ಅಮ್ಮ ಏನೂ ಕೇಳದೆ ಕಿಟಕಿ ಪಕ್ಕ ಜಾಗ ಬಿಟ್ಟುಕೊಟ್ಟರು. ಅಳುವುದು ತಪ್ಪಲ್ಲ. ಆದರೆ ವಾರಗಟ್ಟಲೆ ನಿದ್ದೆ ಬರದಿದ್ದರೆ, ಡ್ಯೂಟಿ ಅಂದರೆ ಎದೆ ಡವಗುಟ್ಟಿದರೆ, ಒಬ್ಬರೇ ನುಂಗಿಕೊಳ್ಳಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನೈಟ್ ಮುಗಿಸಿ ಹಗಲು ಮಲಗುವುದು ಈ ಊರಿನಲ್ಲಿ ಕಷ್ಟವೇ. ಸೊಪ್ಪಿನವರ ಕೂಗು, ಪಕ್ಕದ ಸೈಟಿನಲ್ಲಿ ಬೋರ್‌ವೆಲ್. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಕೆಲಸಕ್ಕೆ ಸೇರುವಾಗ ಸಂಬಳ, ಬಾಂಡ್ (ಇಷ್ಟು ದಿನ ಬಿಡುವಂತಿಲ್ಲ ಅನ್ನೋ ಕರಾರು), ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತಾರಾ ಇಲ್ಲವಾ, ಇದನ್ನೂ ಸಹಿ ಹಾಕುವ ಮೊದಲೇ ಬಾಯಿಬಿಟ್ಟು ಕೇಳಿ.

ಇನ್ನು 'ನಮ್ಮ ಹುಡುಗೀನ ಸೇರಿಸ್ಬೋದಾ' ಅಂತ ಕೇಳುವ ತಾಯಂದಿರಿಗೆ: ಸೇರಿಸಿ. ಆದರೆ ಅವಳು ರಾತ್ರಿ ಫೋನ್ ಮಾಡಿ ಅತ್ತರೆ 'ಎಲ್ಲರೂ ಮಾಡ್ತಿಲ್ವಾ' ಅನ್ನಬೇಡಿ. ನಮ್ಮಮ್ಮ ಹಾಗೆ ಯಾವತ್ತೂ ಅನ್ನಲಿಲ್ಲ. ನಾನು ಅತ್ತು ಮುಗಿಸುವ ತನಕ ಫೋನ್ ಹಿಡಿದಿರುತ್ತಿದ್ದಳು. ಆಮೇಲೆ 'ಊಟ ಆಯ್ತಾ?' ಅಂತ ಕೇಳುತ್ತಿದ್ದಳು.